ಗೆರೆ ತಗಡು ಮತ್ತು ಕುಬಟೂರಿನ ಕಲ್ಲು

ನನ್ನ ಕಾಫಿ ಲೋಟದ ಕೆಳಗೆ ಒಂದು ತಗಡಿದೆ. ಅಂಗೈಗಿಂತ ತುಸು ದೊಡ್ಡದು, ಕನ್ನಡಿಯ ಹಾಗೆ ಹೊಳೆಯುವಂಥದ್ದು. ಮೈತುಂಬ ಉದ್ದಕ್ಕೂ ಅಡ್ಡಕ್ಕೂ ಕೂದಲೆಳೆಯಂಥ ಗೆರೆಗಳು. ಕನ್ನಡಕ ಹಾಕಿಕೊಂಡರೆ ಗೆರೆ ಕಾಣುತ್ತದೆ, ತೆಗೆದರೆ ಬರೀ ಹೊಳಪು. ಮನೆಗೆಲಸದ ರತ್ನನಿಗೆ ಈ ತಗಡಿನ ಮೇಲೆ ಮೊದಲಿನಿಂದಲೂ ಗುಮಾನಿ. ಅದು ಬೆಳ್ಳಿಯದು, ನಾನು ಬೇಕೆಂದೇ ಅದರ ಮೇಲೆ ಕಾಫಿ ಚೆಲ್ಲಿ ಅಗ್ಗದ ವಸ್ತುವಿನಂತೆ ತೋರಿಸುತ್ತಿದ್ದೇನೆ ಎಂಬುದು ಅವಳ ಥಿಯರಿ. ಬೂದಿ ಹಾಕಿ ಉಜ್ಜಬೇಡ, ಗೆರೆ ಹೋಗುತ್ತದೆ ಎಂದು ನಾನು ಹೇಳಿದ ಮೇಲಂತೂ ಅವಳ ಅನುಮಾನ ಗಟ್ಟಿಯಾಯಿತು. ಬೆಳ್ಳಿಯಲ್ಲದಿದ್ದರೆ ಇಷ್ಟು ಕಾಳಜಿ ಯಾಕೆ?

ಅದು ಬೆಳ್ಳಿಯಲ್ಲ. ಒಂದು ಇಲಿಯ ಹಾಸಿಗೆ. ಹಾಗೆಂದರೆ ರತ್ನ ನನ್ನನ್ನು ಇನ್ನೂ ವಿಚಿತ್ರವಾಗಿ ನೋಡುತ್ತಾಳೆಂದು ಹೇಳಿಲ್ಲ. ನಿಮಗೆ ಹೇಳುತ್ತೇನೆ. ತೊಂಬತ್ತರ ದಶಕದಲ್ಲಿ ಕೆಲವು ದೊಡ್ಡ ಕಂಪ್ಯೂಟರುಗಳ ಮೌಸು ಎಲ್ಲೆಂದರಲ್ಲಿ ಓಡಾಡುತ್ತಿರಲಿಲ್ಲ. ಮೇಜಿನ ಮೇಲಿಟ್ಟರೆ ಸತ್ತಂತೆ ಬಿದ್ದಿರುತ್ತಿತ್ತು, ರಟ್ಟಿನ ಮೇಲಿಟ್ಟರೂ ಅಷ್ಟೆ. ಈ ಗೆರೆ ತಗಡಿನ ಮೇಲಿಟ್ಟರೆ ಮಾತ್ರ ಜೀವ ಬರುತ್ತಿತ್ತು. ಕೆಳಗಿನ ಗೆರೆಗಳನ್ನು ಎಣಿಸಿಕೊಂಡೇ ತಾನೆಲ್ಲಿದ್ದೇನೆಂದು ಅದು ತಿಳಿಯುತ್ತಿತ್ತಂತೆ. ಗೆರೆಯಿಲ್ಲದ ಕಡೆ ಅದಕ್ಕೆ ದಿಕ್ಕೇ ತೋಚದು. ಇದನ್ನು ಮೊದಲ ಸಲ ಕೇಳಿದಾಗ ನಾನು, ಆಫ್ ಕೋರ್ಸ್, ನಂಬಿರಲಿಲ್ಲ.

ನಂಬದಿರುವುದು ನನಗೆ ಇಬ್ಬರು ಕಲಿಸಿದ ವಿದ್ಯೆ. ಮೊದಲನೆಯವರು ಕಾನ್ವೆಂಟಿನಲ್ಲಿ ಕಸೂತಿ ಹೇಳಿಕೊಡುತ್ತಿದ್ದ ಸಿಸ್ಟರ್ ಲುಡ್ವಿನಾ. ನಾವು ಹುಡುಗಿಯರು ವಾರಗಟ್ಟಲೆ ಕೂತು ಕರ್ಚೀಫಿನ ಮೇಲೆ ಗುಲಾಬಿ ಅರಳಿಸಿ, ಇಸ್ತ್ರಿ ಮಾಡಿ ತೆಗೆದುಕೊಂಡು ಹೋದರೆ ಆಕೆ ಗುಲಾಬಿಯನ್ನು ನೋಡುತ್ತಲೇ ಇರಲಿಲ್ಲ. ಬಟ್ಟೆಯನ್ನು ಮಗುಚಿ ಹಾಕಿ, "ಲೆಟ್ ಮಿ ಸೀ ದ ರಾಂಗ್ ಸೈಡ್" ಎನ್ನುತ್ತಿದ್ದರು. ಹಿಂಬದಿಯಲ್ಲಿ ಗಂಟುಗಳು, ಕದ್ದು ದಾಟಿಸಿದ ದಾರಗಳು, ಹೊಲಿದು ಬಿಚ್ಚಿ ಮತ್ತೆ ಹೊಲಿದ ತೂತುಗಳು, ನಮ್ಮ ಪಾಪಗಳೆಲ್ಲ ಅಲ್ಲಿರುತ್ತಿದ್ದವು. ಮುಂಬದಿಗೆ ಮಾತ್ರ ಆಕೆಯದು ಒಂದೇ ನಿಯಮ. ಎಡಗಡೆ ಹೂವಿದ್ದರೆ ಬಲಗಡೆಯೂ ಹೂವಿರಬೇಕು. "ಸಿಮೆಟ್ರಿ ಈಸ್ ಗುಡ್ ಮ್ಯಾನರ್ಸ್, ಗರ್ಲ್ಸ್." ಎಡದ ಹೂವಿನ ಚೌಕಗಳನ್ನು ಪೆನ್ಸಿಲಿನಲ್ಲಿ ಗೆರೆ ಹಾಕಿ ಎಣಿಸಿ, ಅಷ್ಟೇ ಚೌಕ ಬಲಕ್ಕೂ ಎಣಿಸಿ ಹೂವನ್ನು ದಾಟಿಸಬೇಕು. ನಾನು ಅದರಲ್ಲಿ ಎರಡು ಸಲ ಪ್ರೈಜ್ ತೆಗೆದುಕೊಂಡವಳು. ಈಗಲೂ ಗೋಡೆಯ ಮೇಲೆ ಎಡಕ್ಕೊಂದು ಫೋಟೋ ಇದ್ದು ಬಲಕ್ಕಿಲ್ಲದಿದ್ದರೆ ನನಗೆ ಊಟ ಸೇರುವುದಿಲ್ಲ.

ಎರಡನೆಯವರು ನಮ್ಮ ಅತ್ತೆ. ಮದುವೆಯಾಗಿ ಶಿಕಾರಿಪುರಕ್ಕೆ ಬಂದ ವರ್ಷವೇ ಅವರು ನನ್ನನ್ನು ಶಿರಾಳಕೊಪ್ಪದ ಸಂತೆಗೆ ಕರೆದುಕೊಂಡು ಹೋದರು. ಮೆಣಸಿನಕಾಯಿ ಚೀಲದ ಬಾಯಲ್ಲಿ ಕೆಂಪಗೆ ಮಿರಮಿರ ಮಿಂಚುವ ಕಾಯಿಗಳು. ನಾನು ಮರುಳಾಗಿ ನಿಂತಿದ್ದರೆ, ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೊಣಕೈಯವರೆಗೆ ಕೈ ತೂರಿಸಿ ಚೀಲದ ತಳದಿಂದ ಒಂದು ಹಿಡಿ ಎಳೆದರು. ಬಿಳಿಚಿದ, ಮುಗ್ಗಿದ ಕಾಯಿ. ವ್ಯಾಪಾರಿ ಹಲ್ಲು ಕಿರಿದ. ಅತ್ತೆ ನನ್ನ ಕಡೆ ತಿರುಗಿ, "ನಿನ್ನ ಇಂಗ್ಲೀಷ್ ಸಾಲಿಯಾಗ ಇದನ್ನ ಹೇಳಿಕೊಟ್ಟಾರೇನು?" ಎಂದು ಕೇಳಿದರು. ಹೇಳಿಕೊಟ್ಟಿದ್ದಾರೆ, ಆದರೆ ಕರ್ಚೀಫಿನಲ್ಲಿ, ಎಂದು ಹೇಳುವ ಧೈರ್ಯ ನನಗಿರಲಿಲ್ಲ.

ಇಂಥವಳನ್ನು ಕಂಪ್ಯೂಟರ್ ಆರಿಸುವ ಕಮಿಟಿಗೆ ಹಾಕಿದರೆ ಏನಾಗಬೇಕೋ ಅದೇ ಆಯಿತು.

ಕಮಿಟಿ ಎಂದರೆ ನಾವು ಮೂವರು. ಶಿವಯೋಗಿಯವರು ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿ ನಿವೃತ್ತರಾದವರು. ಶಿಕಾರಿಪುರ, ಸೊರಬ ಎರಡೂ ತಾಲೂಕಿನ ವೀರಗಲ್ಲುಗಳನ್ನೆಲ್ಲ ದಾಖಲೆ ಮಾಡಬೇಕೆಂದು ಒಂದು ಸಂಶೋಧನಾ ಬಳಗ ಕಟ್ಟಿದ್ದರು. ಯುದ್ಧದಲ್ಲೋ, ದನ ಬಿಡಿಸಿಕೊಳ್ಳುವಾಗಲೋ ಸತ್ತವನ ನೆನಪಿಗೆ ನಿಲ್ಲಿಸಿದ ಕಲ್ಲುಗಳು ನಮ್ಮ ಕಡೆ ಹಿತ್ತಿಲು, ಗದ್ದೆ, ಕೆರೆ ಏರಿ, ಬಸ್‌ಸ್ಟ್ಯಾಂಡ್ ಎಲ್ಲೆಂದರಲ್ಲಿವೆ. ಕೆಲವು ಕಡೆ ಬಟ್ಟೆ ಒಗೆಯುತ್ತಾರೆ. ಕೆಳಗಿನ ಪಟ್ಟಿಯಲ್ಲಿ ಹೋರಾಟ, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕೂತಿರುವ ವೀರ. ಬಳಗದ ಆಫೀಸು ಶಿವಯೋಗಿಯವರ ಮನೆತನದ ಹಳೆಯ ದಲಾಲಿ ಅಂಗಡಿಯ ಮಹಡಿ. ವ್ಯಾಪಾರ ನಿಂತು ಎಷ್ಟೋ ವರ್ಷವಾಗಿದ್ದರೂ ಗೋಡೆಗಳಲ್ಲಿ ಮೆಣಸಿನಕಾಯಿಯ ಘಾಟು ಉಳಿದಿತ್ತು. ಇತಿಹಾಸದ ಬಗ್ಗೆ ಗಂಭೀರವಾಗಿ ಮಾತಾಡುತ್ತಿರುವಾಗ ಯಾರಾದರೊಬ್ಬರು ಸೀನುತ್ತಿದ್ದರು.

ನಾನು ಚಿತ್ರ ಬರೆಯುವವಳು. ನಮ್ಮ ಯಜಮಾನರು ಅಂಜನಾಪುರದ ನಾಲೆಯ ಮೇಲೆ ಓವರ್‌ಸಿಯರ್ ಆಗಿದ್ದಾಗ ಅವರ ನಕ್ಷೆಗಳನ್ನು ಟ್ರೇಸಿಂಗ್ ಪೇಪರಿನಲ್ಲಿ ಇಳಿಸಿಕೊಟ್ಟು ಕೈ ಪಳಗಿತ್ತು. ಅವರು ಹೋದ ಮೇಲೆ ಸುಮ್ಮನೆ ಕೂರಲಾರದೆ ಬಳಗ ಸೇರಿದೆ. ಕಲ್ಲಿನ ಅಚ್ಚನ್ನು ನೋಡಿ ಪುಸ್ತಕಕ್ಕೆ ಬೇಕಾದ ರೇಖಾಚಿತ್ರ ಮಾಡುವುದು ನನ್ನ ಕೆಲಸ.

ಅಚ್ಚು ತೆಗೆಯುತ್ತಿದ್ದವನು ಚೌಡಪ್ಪ, ಕುಬಟೂರಿನವನು. ನಾಲ್ಕನೇ ಕ್ಲಾಸಿನವರೆಗೆ ಓದಿದ್ದ. ಅವನು ಅಚ್ಚು ತೆಗೆಯುವುದನ್ನು ನೋಡಬೇಕಿತ್ತು. ತೆಂಗಿನ ನಾರಿನಿಂದ ಕಲ್ಲನ್ನು ಉಜ್ಜಿ ತೊಳೆದು, ಒದ್ದೆ ಕಾಗದವನ್ನು ಹಾಸಿ, ಬ್ರಷ್ಷಿನಿಂದ ತಟತಟ ಬಡಿದು ಪ್ರತಿ ತಗ್ಗಿಗೂ ಕಾಗದವನ್ನು ಇಳಿಸುತ್ತಿದ್ದ. ಕಾಗದ ಅರೆಬರೆ ಒಣಗುತ್ತಿದ್ದಂತೆ ಬಟ್ಟೆಯ ಗಂಟಿನಲ್ಲಿ ಮಸಿ ಅದ್ದಿ ಮೆಲ್ಲಗೆ ಒತ್ತುತ್ತಾ ಹೋಗುತ್ತಿದ್ದ. ಉಬ್ಬಿದ್ದೆಲ್ಲ ಕಪ್ಪು, ತಗ್ಗಿದ್ದೆಲ್ಲ ಬಿಳುಪು. ಆ ಮಸಿಗಂಟನ್ನು ಇನ್ನೊಬ್ಬರು ಮುಟ್ಟುವ ಹಾಗಿರಲಿಲ್ಲ. ನಾನು ಬಳಗ ಸೇರಿದ ಹೊಸದರಲ್ಲಿ ಒಮ್ಮೆ, "ನನ್ನ ಗಂಟು ಯಾರೋ ಮುಟ್ಟಿದಾರೆ" ಎಂದು ಇಡೀ ದಿನ ಮುಖ ಊದಿಸಿಕೊಂಡು ಕೂತಿದ್ದ. ಶಿವಯೋಗಿಯವರು ನಾನಲ್ಲಪ್ಪ ಎಂದರು. ನಾನೂ ನಾನಲ್ಲ ಎಂದೆ. ಗಂಟು ತಾನಾಗೇ ಎದ್ದು ಓಡಾಡಿತೇ ಎಂದು ಅವನು ಕೇಳಿದ. ನಾವು ನಕ್ಕೆವು.

ಆಗ ದೆಹಲಿ ಕಡೆಯಿಂದ ಬಳಗಕ್ಕೊಂದು ಗ್ರಾಂಟ್ ಬಂತು. ಅಚ್ಚುಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿಡಲು ಒಂದು 'ಗ್ರಾಫಿಕ್ಸ್ ವರ್ಕ್‌ಸ್ಟೇಷನ್' ಕೊಳ್ಳಬೇಕು, ಬಳಗದ ಮೂವರೂ ಕೂಡಿ ನೋಡಿ ಸಹಿ ಮಾಡಬೇಕು ಎಂದು ಪತ್ರದಲ್ಲಿತ್ತು. ಸ್ಟೇಷನ್ ಎಂದರೆ ನನಗೆ ರೈಲು, ಚೌಡಪ್ಪನಿಗೆ ಪೊಲೀಸು. ಇಬ್ಬರಿಗೂ ಅದು ಒಳ್ಳೆಯ ಸೂಚನೆಯಾಗಿ ಕಾಣಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ. ಶಿವಯೋಗಿಯವರು ಬೆಂಗಳೂರಿನ ದೊಡ್ಡ ಕಂಪನಿಯವರಿಗೆ ಮೊದಲೇ ಮಾತು ಕೊಟ್ಟುಬಿಟ್ಟಿದ್ದಾರೆ, ನಮ್ಮಿಂದ ಬರೀ ಸಹಿ ಬೇಕಾಗಿದೆ ಎಂದು ನನಗೆ ಅನುಮಾನ. ಶಿವಮೊಗ್ಗದ ಅಂಗಡಿಯವನೊಬ್ಬ ಬಿಡಿಭಾಗ ಕೂಡಿಸಿ ಮಾಡಿಕೊಡುವ ಅಗ್ಗದ ಮೆಷಿನ್ನಿನ ಪರವಾಗಿ ನಾನಿದ್ದೇನೆ, ಯಾಕೆಂದರೆ ಅವನು ನನ್ನ ತವರಿನ ಕಡೆಯವನಿರಬಹುದು ಎಂದು ಶಿವಯೋಗಿಯವರಿಗೆ ಅನುಮಾನ. ಅವನ ಮುಖವನ್ನೇ ನಾನು ನೋಡಿರಲಿಲ್ಲ. ಚೌಡಪ್ಪನ ಅನುಮಾನ ಮಾತ್ರ ನೇರವಾಗಿತ್ತು. ಯಾವ ಮೆಷಿನ್ ಬಂದರೂ ತನ್ನನ್ನು ಮನೆಗೆ ಕಳಿಸುತ್ತಾರೆ. ಅವನು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಬಣ್ಣದ ಬ್ರೋಷರುಗಳನ್ನು ಒಂದೊಂದಾಗಿ ಮಗುಚಿ ನೋಡಿ, "ಇದಕ್ಕೆ ಕಲ್ಲು ತೊಳೆಯೋಕೆ ಬರ್ತದನಾ ಸಾರ್?" ಎಂದು ಕೇಳಿದ, ಅಷ್ಟೆ.

ಇಬ್ಬರೂ ಮಾರಾಟಗಾರರನ್ನು ಒಂದೇ ಶನಿವಾರ ಕರೆಸಿದೆವು. ಕರೆಂಟು ಹತ್ತರಿಂದ ಒಂದು ಗಂಟೆಯವರೆಗೆ ಗ್ಯಾರಂಟಿ ಎಂದು ಲೈನ್‌ಮನ್‌ನನ್ನು ಕೇಳಿ ಗೊತ್ತು ಮಾಡಿಕೊಂಡಿದ್ದೆವು. ಬೆಂಗಳೂರಿನವರು ವ್ಯಾನಿನಲ್ಲಿ ಬಂದರು. ಅವರ ಮುಖ್ಯಸ್ಥ ಟೈ ಕಟ್ಟಿದ ಯುವಕ, ಶಿಕಾರಿಪುರದ ಆ ಬಿಸಿಲಲ್ಲಿ. ಮಹಡಿಗೆ ಹತ್ತಿದವನೇ ಮೂರು ಸಲ ಸೀನಿ, ಈ ಧೂಳು ಮೆಷಿನ್ನಿಗೆ ಆಗುವುದಿಲ್ಲ ಎಂದ. ಧೂಳಲ್ಲ, ಬ್ಯಾಡಗಿ ಎಂದರು ಶಿವಯೋಗಿಯವರು, ತುಸು ಹೆಮ್ಮೆಯಿಂದ.

ಅವನು ಈ ತಗಡನ್ನು ಮೇಜಿನ ಮೇಲಿಟ್ಟು, ಮೌಸನ್ನು ಅದರ ಮೇಲಿಟ್ಟು, ಏನೋ ಒತ್ತಿದ. ಪರದೆಯ ಮೇಲೆ ಒಂದು ಗಾಜಿನ ಹೂಜಿ ಮೂಡಿತು. ತಿರುಗಿತು. ಅದರ ಮೇಲೆ ಬೆಳಕು ಬಿತ್ತು, ನೆರಳು ಸರಿಯಿತು, ಒಳಗಿನ ನೀರು ಅಲುಗಿತು. ನಾನು ಅಂಥ ಚಂದದ ವಸ್ತುವನ್ನು ಅಲ್ಲಿಯವರೆಗೆ ನೋಡಿರಲಿಲ್ಲ. ಅದಕ್ಕೇ ಅನುಮಾನ ಬಂತು. ವೀಡಿಯೋ ಕ್ಯಾಸೆಟ್ ಹಾಕಿದ್ದಾನೆ! ನಾನು ಎದ್ದು ಪರದೆಯ ಹಿಂದಕ್ಕೆ ಹೋದೆ. ಅಲ್ಲಿ ಚೌಡಪ್ಪ ಆಗಲೇ ಮಂಡಿಯೂರಿ ಮೇಜಿನ ಕೆಳಗೆ ಇಣುಕುತ್ತಿದ್ದ. ನಮ್ಮಿಬ್ಬರ ತಲೆಗಳು ಢಿಕ್ಕಿಯಾಗುವುದರಲ್ಲಿದ್ದವು.

"ಎಂತ ಸಿಕ್ತು?" ಎಂದೆ ಮೆಲ್ಲಗೆ.

"ವೈರು ಮಾತ್ರ ಅಮ್ಮಾರೆ. ಚೀಲದ ತಳ ಕಾಣದಿಲ್ಲ."

ಅತ್ತೆಯ ಕಥೆಯನ್ನು ನಾನೇ ಯಾವಾಗಲೋ ಅವನಿಗೆ ಹೇಳಿದ್ದೆ. ಅವನು ಯಾವುದನ್ನೂ ಮರೆಯುವವನಲ್ಲ.

ಶಿವಮೊಗ್ಗದವನು ಪಾಪ, ಬಸ್ಸಿನ ಮೇಲೆ ಮೆಷಿನ್ ಹಾಕಿಕೊಂಡು ಬಂದಿದ್ದ. ಅವನ ಪರದೆಯ ಮೇಲೆ ಹೂಜಿಯೂ ಇಲ್ಲ, ನೀರೂ ಇಲ್ಲ. ಅದು ಮಾಡೋದನ್ನೆಲ್ಲ ಇದೂ ಮಾಡುತ್ತೆ, ಸ್ವಲ್ಪ ನಿಧಾನ, ರೇಟು ಕಾಲುಭಾಗ ಎಂದ. ಅವನ ಮಾತು ಸರಳವಾಗಿತ್ತು. ಅದೂ ನನಗೆ ಅನುಮಾನಕ್ಕೆ ಕಾರಣವಾಯಿತು. ಕಾಲುಭಾಗಕ್ಕೆ ಯಾಕೆ ಕೊಡುತ್ತಾನೆ?

ಆಗ ನಾನು ಅತ್ತೆಯ ಸೊಸೆಯಾಗಿ ಒಂದು ಮಾತು ಹೇಳಿದೆ. ಅವರವರು ತಂದ ಹೂಜಿ, ಹೂಕುಂಡ ನಮಗೆ ಬೇಡ. ನಮ್ಮ ಸರಕನ್ನು ಹಾಕಿ ತೋರಿಸಲಿ. ಇಬ್ಬರಿಗೂ ಒಂದೇ ಅಚ್ಚು. ಶಿವಯೋಗಿಯವರಿಗೆ ಹಿಡಿಸಿತು. ಬೀರುವಿನಿಂದ ಅವರು ತೆಗೆದದ್ದು ನಮ್ಮ ಅತ್ಯುತ್ತಮ ಅಚ್ಚು. ಕುಬಟೂರಿನ ಹುಣಸೆಮರದ ಬುಡದ ವೀರಗಲ್ಲು. ಮೇಲಿನ ಪಟ್ಟಿಯಲ್ಲಿ ವೀರನ ಎರಡೂ ಕಡೆ ಚಾಮರ ಬೀಸುವ ಹೆಂಗಸರು, ಎಡಕ್ಕೊಬ್ಬಳು, ಬಲಕ್ಕೊಬ್ಬಳು. ನಮ್ಮ ಮೊದಲ ಪುಸ್ತಕದ ಮುಖಪುಟಕ್ಕೆ ಬಂದದ್ದು ಅದೇ. ಈ ಜೋಡಿ ಚಾಮರಧಾರಿಣಿಯರ ಬಗ್ಗೆ ಶಿವಯೋಗಿಯವರು ಎರಡು ಸೆಮಿನಾರಿನಲ್ಲಿ ಪ್ರಬಂಧ ಓದಿದ್ದರು. ಬರಿಯ ಸಿಪಾಯಿಯಾಗಿದ್ದರೆ ಒಬ್ಬಳು ಸಾಕಿತ್ತು, ಇಬ್ಬರಿದ್ದಾರೆಂದ ಮೇಲೆ ಇವನು ದೊಡ್ಡ ಮನೆತನದವನು ಎಂಬುದು ಅವರ ವಾದ.

ಶಿವಮೊಗ್ಗದ ಮೆಷಿನ್ ಅರ್ಧ ಚಿತ್ರ ನುಂಗಿ ನಿಂತುಬಿಟ್ಟಿತು. ಪರದೆಯ ಮೇಲೆ ಪುಟ್ಟ ಮರಳು ಗಡಿಯಾರವೊಂದು ಕಾಣಿಸಿಕೊಂಡಿತು. ನಾವು ಕಾಫಿ ಕುಡಿದು ಬಂದರೂ ಅದು ಹಾಗೇ ಇತ್ತು. ಅವನು ಬೆವರು ಒರೆಸಿಕೊಂಡು, ಊರಲ್ಲಿ ಸರಿಯಾಗಿತ್ತು ಮೇಡಮ್, ಬಸ್ಸಿನಲ್ಲಿ ಅಲ್ಲಾಡಿರಬೇಕು ಎಂದ. ಆ ಮಾತು ಮಾತ್ರ ನಾನು ನಂಬಿದೆ. ಶಿವಮೊಗ್ಗದ ರಸ್ತೆಯಲ್ಲಿ ನನ್ನ ಬೆನ್ನುಮೂಳೆಯೂ ಹಾಗೇ ಆಗಿತ್ತು.

ಟೈ ಕಟ್ಟಿದವನು ಅಚ್ಚನ್ನು ತುಂಡುತುಂಡಾಗಿ ಸ್ಕ್ಯಾನ್ ಮಾಡಿ ಪರದೆಯ ಮೇಲೆ ಕೂಡಿಸಿದ. ಎಡದ ಹೆಂಗಸನ್ನು ದೊಡ್ಡದು ಮಾಡಿದ, ಇನ್ನೂ ದೊಡ್ಡದು. ಕಪ್ಪಿನೊಳಗೆ ಸಾಸಿವೆ ಚೆಲ್ಲಿದ ಹಾಗೆ ಬಿಳಿ ಚುಕ್ಕೆಗಳು. ಅದು ಕಲ್ಲಿನ ತರಿ. ಮೊಣಕೈಯ ಹತ್ತಿರ ಚಕ್ಕೆ ಎದ್ದಿದ್ದೂ ಸ್ಪಷ್ಟ. ನಾನು ಒಳಗೊಳಗೇ ಸೋತೆ. ಇಷ್ಟು ವರ್ಷ ಭೂತಗನ್ನಡಿ ಹಿಡಿದು ಕಣ್ಣು ಕಳೆದುಕೊಂಡದ್ದು ಇದಕ್ಕಾಗಿತ್ತೇ?

ಆಮೇಲೆ ಬಲದ ಹೆಂಗಸಿಗೆ ಹೋದ. ಚುಕ್ಕೆಗಳಿಲ್ಲ. ಬರೀ ಕಪ್ಪು. ಅದರಲ್ಲಿ ಬಟ್ಟೆಯ ನೇಯ್ಗೆಯ ಗುರುತು.

ಅವನ ಹುಬ್ಬು ಮೇಲೇರಿತು. ಮೆಷಿನ್ನಿನ ಇನ್ನೊಂದು ಚಮತ್ಕಾರ ತೋರಿಸುವ ಉಮೇದಿನಲ್ಲಿದ್ದ. ಎಡದವಳನ್ನು ಕತ್ತರಿಸಿ, ಕನ್ನಡಿಯಲ್ಲಿ ಕಾಣುವ ಹಾಗೆ ತಿರುಗಿಸಿ, ಬಲದವಳ ಮೇಲೆ ತಂದು ಕೂರಿಸಿದ. ಇಬ್ಬರೂ ಒಂದಾಗಿಬಿಟ್ಟರು. ಕೂದಲೆಳೆಯಷ್ಟೂ ಹೊರಗೆ ಉಳಿಯಲಿಲ್ಲ. ಮೊಣಕೈಯ ಚಕ್ಕೆ ಸಮೇತ.

"ಶಿಲ್ಪಿ ಚಕ್ಕೆನೂ ಕಾಪಿ ಮಾಡ್ತಾನಾ ಸರ್? ಇದು ಕಲ್ಲಲ್ಲಿಲ್ಲ. ಯಾರೋ ಆಮೇಲೆ ಕೈಯಲ್ಲಿ ಮಾಡಿದಾರೆ," ಎಂದ. ಪಾಪ, ಅವನಿಗೆ ಅದು ಮೆಷಿನ್ನಿನ ಗೆಲುವು ಅಷ್ಟೆ.

ಯಾರೂ ಸೀನಲಿಲ್ಲ.

ನನಗೆ ಮೊದಲು ಬಂದದ್ದು ಅವನ ಮೇಲಿನ ಅನುಮಾನವೇ. ನಮ್ಮನ್ನು ಹೆದರಿಸಿ ಮೆಷಿನ್ ಮಾರುವ ಉಪಾಯ ಎಂದುಕೊಂಡೆ. ಆದರೆ ಶಿವಯೋಗಿಯವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಎರಡು ಸೆಮಿನಾರು, ಒಂದು ಮುಖಪುಟ ಅವರ ಕಣ್ಣೆದುರು ಹಾದುಹೋಗುತ್ತಿದ್ದವು. ಆಮೇಲೆ ಚೌಡಪ್ಪನ ಕಡೆ ತಿರುಗಿದರು. ಮಸಿಗಂಟನ್ನು ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲವಲ್ಲ.

"ಯಾಕೋ ಚೌಡಪ್ಪ? ಬಲಗಡೆ ಮೂಲಿ ಖಾಲಿ ಇತ್ತಂದ್ರ ಖಾಲಿ ಇತ್ತು ಅಂತ ಹೇಳಬೇಕಿತ್ತಪ್ಪ. ನಾ ಏನು ನಿನ್ನ ನುಂಗ್ತಿದ್ನೇನು?"

ಚೌಡಪ್ಪ ಪರದೆಯನ್ನು ನೋಡಿದ. ಆಮೇಲೆ ಒಂದು ಕ್ಷಣ ನನ್ನನ್ನು ನೋಡಿದ. ಹೇಳಿದ್ದು ಶಿವಯೋಗಿಯವರಿಗೆ.

"ಕಲ್ಲಲ್ಲಿ ಇಲ್ಲದ್ದು ನನ್ನ ಕಾಗದದಲ್ಲಿ ಬರಲ್ಲ ಸಾರ್."

"ಬಂದೈತಲ್ಲ ಮತ್ತ."

ಅವನು ಮಸಿಗಂಟು, ಬ್ರಷ್ಷು ಇದ್ದ ಬಟ್ಟೆಯ ಚೀಲವನ್ನು ಮೊಳೆಯಿಂದ ತೆಗೆದು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದ. ಮನೆಗೆ ಹೋಗುವಾಗ ಆ ಚೀಲವನ್ನು ಅವನು ಜೊತೆಗೆ ಒಯ್ದದ್ದು ನಾನು ನೋಡಿದ್ದೇ ಅದು ಮೊದಲು. ಹೊಸ ಪುಸ್ತಕದಿಂದ ಚೌಡಪ್ಪನ ಹೆಸರನ್ನು ತೆಗೆಯಬೇಕಾದೀತು, ಉಳಿದ ಅಚ್ಚುಗಳನ್ನೂ ಇನ್ನು ಹೇಗೆ ನಂಬುವುದು ಎಂದು ಶಿವಯೋಗಿಯವರು ನನ್ನ ಹತ್ತಿರ ನೊಂದುಕೊಂಡರು. ನಾನು ಹೌದೌದು ಎಂದೆ. ಶಿಕಾರಿಪುರದ ಬಸ್ಸಿಗೆ ತಡವಾಗುತ್ತದೆಂದು ಅಚ್ಚು ತೆಗೆದ ದಿನ ಅವಸರದಲ್ಲಿ ಮುಗಿಸಿರಬಹುದು ಎಂದೂ ಸೇರಿಸಿದೆ. ಈಗ ಬರೆಯುವಾಗ ಕೈ ತಡೆಯುತ್ತದೆ, ಆದರೆ ಸೇರಿಸಿದ್ದು ನಿಜ.

ಅಚ್ಚನ್ನು ನಾನೇ ಮನೆಗೆ ತಂದೆ. ಮರುದಿನ ಭಾನುವಾರ. ಬೆಳಿಗ್ಗೆ ತಿಂಡಿಯಾದ ಮೇಲೆ ಅದನ್ನು ಊಟದ ಮೇಜಿನ ಮೇಲೆ ಬಿಡಿಸಿದೆ. ಮುಂಬದಿಯನ್ನು ಎಷ್ಟು ನೋಡಿದರೂ ಅದೇ ಇಬ್ಬರು ಹೆಂಗಸರು. ಏನೂ ತೋಚದೆ, ಯಾವ ಯೋಚನೆಯೂ ಇಲ್ಲದೆ, ಕಾಗದವನ್ನು ಮಗುಚಿದೆ. ಅದು ನನ್ನ ಜಾಣತನವಲ್ಲ. ಅರವತ್ತು ದಾಟಿದರೂ ಕೈಯಲ್ಲಿ ಉಳಿದಿದ್ದ ಸಿಸ್ಟರ್ ಲುಡ್ವಿನಾರ ಅಭ್ಯಾಸ.

ಬ್ರಷ್ಷಿನಲ್ಲಿ ಬಡಿದ ಒದ್ದೆ ಕಾಗದ ಒಣಗಿದ ಮೇಲೂ ಕಲ್ಲಿನ ಉಬ್ಬುತಗ್ಗನ್ನು ಇಟ್ಟುಕೊಂಡಿರುತ್ತದೆ. ಬೆನ್ನಿನ ಮೇಲೆ ಬೆರಳಾಡಿಸಿದರೆ ಗೊತ್ತಾಗುತ್ತದೆ. ವೀರ ಇದ್ದ, ಲಿಂಗವಿತ್ತು, ಎಡದ ಹೆಂಗಸು ಚಾಮರದ ಕುಚ್ಚಿನ ಸಮೇತ ಬೆರಳಿಗೆ ಸಿಕ್ಕಳು. ಬಲಕ್ಕೆ ಬಂದರೆ ಕಾಗದ ಒರಟಾಗಿತ್ತು, ಒಡೆದ ಕಲ್ಲಿನ ಮೈಯ ಹಾಗೆ. ಹೆಂಗಸಿಲ್ಲ. ಅಲ್ಲಿಗೆ ಟೈ ಕಟ್ಟಿದವನು ಹೇಳಿದ್ದು ಸರಿ.

ಕಿಟಕಿಯ ಬೆಳಕಿಗೆ ಹಿಡಿದೆ. ಆ ಒರಟು ಜಾಗದಲ್ಲಿ, ಬೆನ್ನಿನ ಮೇಲೆ, ಬಹಳ ತೆಳ್ಳಗೆ, ಪೆನ್ಸಿಲಿನ ಗೆರೆಗಳಿದ್ದವು. ಉದ್ದಕ್ಕೂ ಅಡ್ಡಕ್ಕೂ. ಚೌಕ ಚೌಕ. ಎಡದ ಹೆಂಗಸಿನ ಬೆನ್ನಿನ ಮೇಲೂ ಅಷ್ಟೇ ಚೌಕಗಳು. ಪ್ರತಿ ಐದನೆಯ ಗೆರೆಗೆ ಒಂದು ಪುಟ್ಟ ಅಡ್ಡಗೀಟು. ಕಸೂತಿಯಲ್ಲಿ ಲೆಕ್ಕ ತಪ್ಪದಿರಲಿ ಎಂದು ನಾವು ಕಾನ್ವೆಂಟಿನ ಹುಡುಗಿಯರು ಹಾಕುವ ಗೀಟು.

ನೆನಪಾಗುವುದು ಎಂಬುದು ಒಮ್ಮೆಲೇ ಆಗುವುದಿಲ್ಲ. ಮೊದಲು ಮಸಿಗಂಟಿನ ವಾಸನೆ ಬಂತು. ಆಮೇಲೆ ಸೆಕೆಯ ಮಧ್ಯಾಹ್ನ. ನಾನು ಬಳಗಕ್ಕೆ ಸೇರಿದ ಮೊದಲ ವರ್ಷ. ಮುಖಪುಟದ ಬ್ಲಾಕ್ ಮಾಡಿಸಲು ಅಚ್ಚಿನ ಫೋಟೋ ಪ್ರೆಸ್ಸಿಗೆ ಹೋಗಬೇಕು, ಮಹಡಿಯಲ್ಲಿ ಯಾರೂ ಇಲ್ಲ, ಬಲಮೂಲೆ ಬೂದಿ ಬಣ್ಣದ ಕಲೆಯಾಗಿ ಅಸಹ್ಯವಾಗಿ ಕಾಣುತ್ತಿದೆ. ಎಡಕ್ಕೊಬ್ಬಳಿದ್ದಾಳೆ ಎಂದರೆ ಬಲಕ್ಕೂ ಇದ್ದೇ ಇದ್ದಳು, ಕಲ್ಲು ಒಡೆದು ಹೋಗಿದ್ದಾಳೆ, ಅಷ್ಟೆ. ನಾನು ಚೌಡಪ್ಪನ ಮಸಿಗಂಟು ತೆಗೆದುಕೊಂಡು ಅವಳನ್ನು ಅವಳ ಜಾಗಕ್ಕೆ ವಾಪಸು ಕರೆದೆ. ನನ್ನ ಮನಸ್ಸು ಅದನ್ನು ಸುಳ್ಳು ಎಂದು ಎತ್ತಿಟ್ಟುಕೊಂಡಿರಲಿಲ್ಲ, ಫೇರ್ ಕಾಪಿ ಎಂದು ಇಟ್ಟುಕೊಂಡಿತ್ತು. ಫೇರ್ ಕಾಪಿಗಳನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಎಷ್ಟು ವಿಧೇಯಳೆಂದರೆ ಮೊಣಕೈಯ ಚಕ್ಕೆಯನ್ನೂ ಎಣಿಸಿ ದಾಟಿಸಿದ್ದೆ.

ಅಂಗಡಿಯವನನ್ನು ಅನುಮಾನಿಸಿದೆ, ಶಿವಯೋಗಿಯವರನ್ನು ಅನುಮಾನಿಸಿದೆ, ಗಾಜಿನ ಹೂಜಿಯನ್ನು ಅನುಮಾನಿಸಿದೆ. ಊಟದ ಮೇಜಿನ ಮುಂದೆ ಕೂತ ಈ ಹೆಂಗಸೊಬ್ಬಳನ್ನು ಬಿಟ್ಟು.

ರಬ್ಬರ್ ಡ್ರಾಯರಿನಲ್ಲೇ ಇತ್ತು. ಅದನ್ನೂ ಹೇಳಿಬಿಡುತ್ತೇನೆ. ತೆಗೆದೆ. ಮೇಜಿನ ಮೇಲಿಟ್ಟೆ. ನಾಲ್ಕು ಸಲ ಉಜ್ಜಿದರೆ ಗೆರೆ ಹೋಗುತ್ತಿತ್ತು, ಚೌಡಪ್ಪನೂ ಹೋಗುತ್ತಿದ್ದ. ಸ್ವಲ್ಪ ಹೊತ್ತು ಅದರ ಮುಂದೆ ಕೂತಿದ್ದೆ. ಆಮೇಲೆ ಅದನ್ನು ಡ್ರಾಯರಿಗೆ ಹಾಕಿ ಅಚ್ಚನ್ನು ಸುತ್ತಿದೆ.

ಸೋಮವಾರ ಬೆಳಿಗ್ಗೆ ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಕುಬಟೂರಿಗೆ ಹೋದೆ. ಚೌಡಪ್ಪ ಮನೆಯಲ್ಲಿರಲಿಲ್ಲ. ಹುಣಸೆಮರದ ಹತ್ತಿರ ಇದ್ದಾನೆ ಎಂದು ಅವನ ಹೆಂಡತಿ ಹೇಳಿದಳು. ಅದನ್ನೂ ಹೇಳಲು ಇಷ್ಟವಿಲ್ಲದವಳ ಹಾಗೆ. ಹೋಗಿ ನೋಡಿದರೆ ಅದೇ ಕಲ್ಲಿನ ಮುಂದೆ ಕೂತು ಅದೇ ಪಟ್ಟಿಯ ಹೊಸ ಅಚ್ಚು ತೆಗೆಯುತ್ತಿದ್ದ. ಕಾಗದ ಬಡಿದಾಗಿತ್ತು, ಮಸಿ ಒತ್ತುತ್ತಿದ್ದ. ಬಲಮೂಲೆ ಖಾಲಿ. ಕಲ್ಲಿನ ಆ ಭಾಗ ಎಂದೋ ಸಿಡಿದು ಹೋಗಿದೆ. ಅಲ್ಲಿ ಹೆಂಗಸಿದ್ದಳೋ, ಕುದುರೆಯಿತ್ತೋ, ಏನೂ ಇರಲಿಲ್ಲವೋ, ಕಲ್ಲಿಗೇ ಮರೆತುಹೋಗಿದೆ.

"ಚೌಡಪ್ಪ, ಅದು ನಾನು ಮಾಡಿದ್ದು," ಎಂದೆ.

ಅವನು ಒತ್ತುವುದನ್ನು ನಿಲ್ಲಿಸಲಿಲ್ಲ. "ಗೊತ್ತಿತ್ತು ಅಮ್ಮಾರೆ."

"ಯಾವಾಗಿಂದ?"

"ಗಂಟು ಹಸಿ ಇತ್ತಲ್ಲ, ಆವತ್ತಿಂದ. ನಾನು ಗಂಟನ್ನ ಮಡಚಿ ಇಡೋನಲ್ಲ. ನೀವು ಚಂದ ಮಾಡಿ ಮಡಚಿ ಇಟ್ಟಿದ್ರಿ."

ಮಡಚಿ ಇಟ್ಟಿದ್ದೆ. ಆಫ್ ಕೋರ್ಸ್ ಮಡಚಿ ಇಟ್ಟಿದ್ದೆ.

"ಮೊನ್ನೆ ಯಾಕೆ ಹೇಳಲಿಲ್ಲ?"

ಈಗ ನಿಲ್ಲಿಸಿ ನನ್ನ ಕಡೆ ನೋಡಿದ. "ಹೇಳಿದ್ರೆ ಯಾರು ನಂಬ್ತಿದ್ರು? ನೀವು ಕಾನ್ವೆಂಟು. ನಾನು ನಾಲ್ಕನೇ ಕ್ಲಾಸು." ಮತ್ತೆ ಗಂಟು ಎತ್ತಿಕೊಂಡು, "ನೀವೇ ನಂಬ್ತಿರಲಿಲ್ಲ," ಎಂದ.

ನಾನು ಬಸ್ಸಿನ ಅವಸರದ ಮಾತು ಸೇರಿಸಿದ್ದು ಅವನಿಗೆ ಗೊತ್ತಿರಲಿಲ್ಲ. ಅದನ್ನೂ ಹೇಳಿದೆ. ಕೇಳಿಸಿಕೊಂಡು, ಕಾಗದದ ಅಂಚನ್ನು ಹಿಡಿಯಿರಿ, ಗಾಳಿಗೆ ಏಳ್ತದೆ ಎಂದ. ಹಿಡಿದೆ. ಅದು ಒಣಗುವವರೆಗೆ ಹಾಗೇ ನಿಂತಿದ್ದೆ. ಶಿಕ್ಷೆಯೆಂದರೆ ಅಷ್ಟೇ ಕೊಟ್ಟದ್ದು.

ಮಂಗಳವಾರ ಮಹಡಿಯಲ್ಲಿ ಮೂವರೂ ಸೇರಿದೆವು. ಎರಡೂ ಅಚ್ಚುಗಳನ್ನು ಮಗುಚಿ ಹಾಕಿ ಶಿವಯೋಗಿಯವರ ಬೆರಳನ್ನು ಹಿಡಿದು ಬೆನ್ನಿನ ಮೇಲೆ ಆಡಿಸಿದೆ. ಪೆನ್ಸಿಲಿನ ಚೌಕಗಳನ್ನು ತೋರಿಸಿದೆ. ಹೇಳಬೇಕಾದದ್ದನ್ನು ಇಂಗ್ಲಿಷಿನಲ್ಲಿ ಶುರು ಮಾಡಿ, ಇಂಗ್ಲಿಷಿನಲ್ಲಿ ಹೇಳಿದರೆ ಚೌಡಪ್ಪನಿಂದ ತಪ್ಪಿಸಿಕೊಂಡ ಹಾಗಾಗುತ್ತದೆ ಎನಿಸಿ, ಕನ್ನಡದಲ್ಲಿ ಮತ್ತೆ ಮೊದಲಿಂದ ಹೇಳಿದೆ. ಶಿವಯೋಗಿಯವರು ಚೌಕಗಳನ್ನು ಒಂದೊಂದಾಗಿ ಎಣಿಸಿದರು. ಅವರ ದೊಡ್ಡ ಮನೆತನದ ವೀರ ನಮ್ಮ ಕಣ್ಣೆದುರೇ ಸಿಪಾಯಿಯಾಗುತ್ತಿದ್ದ. ಕೊನೆಗೆ, "ನಂದೂ ತಪ್ಪೈತ್ರೀ ಮೇಡಮ್. ನನಗ ಇಬ್ಬರು ಬೇಕಾಗಿತ್ತು, ನೀವು ಕೊಟ್ರಿ. ಕಲ್ಲಿಗೆ ಹೋಗಿ ಕೇಳಲೇ ಇಲ್ಲ ನಾ," ಎಂದರು. ಹೊಸ ಪುಸ್ತಕದ ಮೊದಲ ಪುಟದಲ್ಲೇ ತಪ್ಪನ್ನು ಅಚ್ಚು ಹಾಕಬೇಕು ಎಂದೂ, ಅದನ್ನು ನಾನೇ ಬರೆಯಬೇಕು ಎಂದೂ ತೀರ್ಮಾನವಾಯಿತು. ಆಮೇಲೆ ಅವರು ಚೌಡಪ್ಪನ ಕಡೆ ತಿರುಗಿದರು. ಕ್ಷಮಿಸು ಎನ್ನಲು ಬಾಯಿ ಬರಲಿಲ್ಲವೋ ಏನೋ, ಅವನ ಚೀಲವನ್ನು ತಾವೇ ತೆಗೆದುಕೊಂಡು ಮೊಳೆಗೆ ನೇತುಹಾಕಿದರು.

ಉಳಿದದ್ದು ಮೆಷಿನ್ನು. ಅದನ್ನು ಕೊಳ್ಳುವುದೋ ಬೇಡವೋ ಎಂಬುದನ್ನು ಚೌಡಪ್ಪ ಹೇಳಲಿ ಎಂದೆವು. ಅವನು ಯೋಚಿಸಿ, ಬೆಂಗಳೂರಿನದೇ ಆಗಲಿ, ಆದರೆ ಒಂದು ಷರತ್ತು ಎಂದ. ಪ್ರತಿ ಅಚ್ಚಿನ ಮುಂಬದಿ ಹಾಕಿದ ಮೇಲೆ ಬೆನ್ನನ್ನೂ ಅದಕ್ಕೆ ಹಾಕಬೇಕು. ಯಾರದ್ದೇ ಅಚ್ಚಿರಲಿ. ಇದನ್ನು ಕೇಳಿ ಟೈ ಕಟ್ಟಿದವನು ಫೋನಿನಲ್ಲಿ, ಖಾಲಿ ಹಿಂಬದಿಗಳಿಂದ ಡಿಸ್ಕ್ ಅರ್ಧ ಅವಧಿಯಲ್ಲೇ ತುಂಬಿಹೋಗುತ್ತದೆ ಸರ್, ಪ್ರಪಂಚದಲ್ಲಿ ಯಾರೂ ಹೀಗೆ ಮಾಡುವುದಿಲ್ಲ ಎಂದು ಗೋಗರೆದನಂತೆ. ಹಾಗೇ ಮಾಡಿದೆವು. ಅರ್ಧ ಅವಧಿಯಲ್ಲೇ ತುಂಬಿತು. ಸಹಿ ಮಾಡುವಾಗ ಚೌಡಪ್ಪ ಕಾಗದವನ್ನು ಮಗುಚಿ ಹಿಂದೆ ಏನಾದರೂ ಬರೆದಿದೆಯೇ ನೋಡಿದ.

ಆ ಮೆಷಿನ್ನು ಎಷ್ಟೋ ವರ್ಷ ದುಡಿದು, ಹಳೆಯದಾಗಿ, ಗುಜರಿಗೆ ಹೋಯಿತು. ಹೋಗುವ ದಿನ ಚೌಡಪ್ಪ ಅದರ ತಗಡನ್ನು ತೆಗೆದಿಟ್ಟುಕೊಂಡಿದ್ದ. ಹಳೆ ಪೇಪರಿನಲ್ಲಿ ಸುತ್ತಿ ಮನೆಗೆ ತಂದು ನನ್ನ ಕೈಗೆ ಕೊಟ್ಟ.

"ಗೆರೆ ಇಲ್ಲದಿದ್ರೆ ನಡಿಯೋಕೆ ಬರಲ್ಲ ಅಂತಿದ್ರಲ್ಲ ಆ ಇಲಿಗೆ. ನಿಮಗೇ ಇರಲಿ ಅಮ್ಮಾರೆ."

ಅದೇ ಈ ತಗಡು. ಕಾಫಿ ಲೋಟ ಇಟ್ಟು ಇಟ್ಟು ಎಡಭಾಗದಲ್ಲಿ ಒಂದು ಕಂದು ವೃತ್ತ ಮೂಡಿದೆ, ರತ್ನ ಎಷ್ಟು ಒರೆಸಿದರೂ ಹೋಗುವುದಿಲ್ಲ. ಬಲಭಾಗ ಖಾಲಿ ಹೊಳೆಯುತ್ತದೆ. ದಿನವೂ ಬೆಳಿಗ್ಗೆ ಲೋಟ ಹಿಡಿದ ಕೈ ತಾನಾಗೇ ಬಲಕ್ಕೆ ಸರಿಯುತ್ತದೆ, ಅಲ್ಲೂ ಒಂದು ಇರಲಿ ಎಂದು. ನಾನು ಅದನ್ನು ಹಿಂದಕ್ಕೆ ಎಳೆದು ಎಡಕ್ಕೇ ಇಡುತ್ತೇನೆ.